ಡಿ'ಸೋಜ ಎಂದು ಹುಡುಕಿದರೆ ಪ್ರೋಗ್ರಾಂ ಕೈಕೊಡುತ್ತದೆಯೇ?

ಮಂಗಳೂರಿನ ಒಂದು ಸಹಕಾರ ಸಂಘಕ್ಕೆ ಪೈಥಾನ್‌ನಲ್ಲಿ ಸದಸ್ಯರ ಪಟ್ಟಿ ಮಾಡಿಕೊಡುತ್ತಿದ್ದೀರಿ ಎನ್ನಿ. ಶೆಟ್ಟಿ, ಭಟ್, ಪೂಜಾರಿ ಎಲ್ಲರೂ ಸಿಗುತ್ತಾರೆ. ಡಿ'ಸೋಜ ಎಂದು ಹುಡುಕಿದ ಕೂಡಲೇ ಸಿಂಟ್ಯಾಕ್ಸ್ ಎರರ್! ಹೆಸರಿನ ನಡುವೆ ಇರುವ ಸಿಂಗಲ್ ಕೋಟ್ ನೋಡಿ, ಹೆಸರು ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತದೆ ಡೇಟಾಬೇಸ್. ಇದಾದರೂ ಪರವಾಗಿಲ್ಲ. ಯಾರಾದರೂ ಬೇಕೆಂದೇ ' ಆರ್ '1'='1 ಎಂದು ಟೈಪ್ ಮಾಡಿದರೆ ಇಡೀ ಪಟ್ಟಿಯೇ ಅವರ ಕೈಗೆ ಹೋಗುತ್ತದೆ: ‘ಆರ್’ ಎಂದರೆ ‘ಅಥವಾ’, 1=1 ಯಾವಾಗಲೂ ನಿಜ. ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುವುದು ಇದಕ್ಕೇ.

ಕ್ವೆರಿಗೆ, ಅಂದರೆ ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೇಳುವ ಪ್ರಶ್ನೆಗೆ, ಹೆಸರನ್ನು + ಹಾಕಿ ಅಂಟಿಸುವುದೇ ಇದಕ್ಕೆಲ್ಲ ಕಾರಣ. ಎರಡನ್ನೂ ಬೇರೆ ಬೇರೆಯಾಗಿ ಕಳಿಸಬೇಕು. ಪೈಥಾನ್ ಜೊತೆಗೇ ಬರುವ ಎಸ್‌ಕ್ಯೂಲೈಟ್3 ಮಾಡ್ಯೂಲ್‌ನಲ್ಲಿ ಮಾಡಿ ನೋಡೋಣ. ಕೋಡನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ನೀವು ಇಂಗ್ಲಿಷಿನಲ್ಲೇ ಟೈಪ್ ಮಾಡಿ.

ಮೊದಲು, ಹೆಸರು ಬರಬೇಕಾದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಹೆಸರು = ?

ಅದರ ಸುತ್ತ ಕೋಟ್ ಬೇಡ. ಹಾಕಿದರೆ ಅದು ಸುಮ್ನೆ ಒಂದು ಅಕ್ಷರವಾಗುತ್ತದೆ.

ಆಮೇಲೆ ಕ್ವೆರಿಯನ್ನು ನಡೆಸುವ ಎಕ್ಸಿಕ್ಯೂಟ್‌ಗೆ ಕ್ವೆರಿ ಕೊಟ್ಟು, ಅಲ್ಪವಿರಾಮ ಹಾಕಿ, (ಹೆಸರು,) ಎಂದು ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಕಂಸದೊಳಗಿನ ಆ ಅಲ್ಪವಿರಾಮ ಬಿಟ್ಟರೆ ಅದು ಟ್ಯೂಪಲ್ (ಬೆಲೆಗಳ ಗುಂಪು) ಆಗುವುದಿಲ್ಲ, ಬರೀ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಉಳಿಯುತ್ತದೆ. ಆಗ ಪೈಥಾನ್ ಒಂದೊಂದು ಅಕ್ಷರವನ್ನೂ ಒಂದೊಂದು ಬೆಲೆ (ವ್ಯಾಲ್ಯೂ) ಎಂದು ಎಣಿಸುತ್ತದೆ. ‘ಕಮಲಾ’ ಎಂದು ಕೊಟ್ಟರೆ, ಬೇಕಿರುವುದು 1, ಬಂದಿರುವುದು 4 ಎಂಬ ದೂರು ಬರುತ್ತದೆ. ನಮಗೆ ಮೂರೇ ಅಕ್ಷರ, ಅಲ್ವಾ? ಯೂನಿಕೋಡ್‌ನಲ್ಲಿ ಕೊನೆಯ ದೀರ್ಘಕ್ಕೂ ಬೇರೆ ಲೆಕ್ಕ.

ಬೆಲೆಗಳು ಜಾಸ್ತಿ ಇದ್ದರೆ :ಹೆಸರು, :ಊರು ಎಂದು ಬರೆದು ಡಿಕ್ಷನರಿ (ಹೆಸರಿಟ್ಟ ಬೆಲೆಗಳ ಪಟ್ಟಿ) ಕೊಡಿ, ಕ್ರಮ ತಪ್ಪುವ ಭಯವಿಲ್ಲ. ಹೆಸರಿನ ತುಣುಕು ಹುಡುಕುವಾಗ ಲೈಕ್ ? ಎಂದಷ್ಟೇ ಬರೆದು, ‘ಇಲ್ಲಿ ಏನಾದರೂ ಇರಲಿ’ ಎನ್ನುವ % ಚಿಹ್ನೆಗಳನ್ನು ಕಳಿಸುವ ಬೆಲೆಗೇ ಸೇರಿಸಿ. ಹೊಸ ಸದಸ್ಯರನ್ನು ಸೇರಿಸಿದ ಮೇಲೆ, ಬದಲಾವಣೆಯನ್ನು ಕಾಯಂ ಮಾಡುವ ಕಮಿಟ್ ಮರೆಯಬೇಡಿ.

ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳ (ಇವೂ ಡೇಟಾಬೇಸ್‌ಗಳೇ) ಜೊತೆ ಮಾತಾಡಿಸುವ ಜನಪ್ರಿಯ ಪೈಥಾನ್ ಡ್ರೈವರ್‌ಗಳು ? ಬದಲು %ಎಸ್ ಕೇಳುತ್ತವೆ. ಕೆಟ್ಟ ಆಯ್ಕೆ ಎಂದೇ ನನ್ನ ಅನಿಸಿಕೆ. ಹಳೆಯ ಸ್ಟ್ರಿಂಗ್ ಫಾರ್ಮ್ಯಾಟ್ ಥರವೇ ಕಾಣುವುದರಿಂದ, ಕ್ವೆರಿಯ ನಂತರ ಅಲ್ಪವಿರಾಮದ ಬದಲು % ಹಾಕುವವರಿದ್ದಾರೆ. ಹಾಗೆ ಮಾಡಿದರೆ ಮತ್ತೆ ಅಂಟಿಸಿದಂತೆಯೇ.

ಟೇಬಲ್, ಕಾಲಂ ಹೆಸರುಗಳಿಗೆ ಮಾತ್ರ ಈ ಉಪಾಯ ನಡೆಯದು. ಎಸ್‌ಕ್ಯೂಲೈಟ್‌ನಲ್ಲಿ ಪಟ್ಟಿಯನ್ನು ಕ್ರಮವಾಗಿ ಜೋಡಿಸಲು ಆರ್ಡರ್ ಬೈ ? ಎಂದು ಬರೆದರೆ ಎರರ್ ಕೂಡ ಬರುವುದಿಲ್ಲ, ಆದರೆ ಪಟ್ಟಿ ಜೋಡಣೆಯಾಗಿರುವುದಿಲ್ಲ. ಯಾವ ಕಾಲಂಗಳಿಗೆ ಅವಕಾಶ ಎಂಬುದನ್ನು ಕೋಡ್‌ನಲ್ಲೇ ಬರೆದಿಟ್ಟು, ಆ ಪಟ್ಟಿಯಲ್ಲಿರುವ ಹೆಸರನ್ನಷ್ಟೇ ಕ್ವೆರಿಗೆ ಸೇರಿಸಿ.