ಟಿಪಿ4056 ಬೋರ್ಡ್‌ನಲ್ಲಿ ಒಂಟಿ ಲಿಥಿಯಂ ಸೆಲ್ ಚಾರ್ಜ್ ಮಾಡುವುದು: ಒಳಗೆ ನಡೆಯುವುದೇನು, ಕೆಡುವುದೆಲ್ಲಿ

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಲಿಥಿಯಂ ಚಾರ್ಜರ್ ಮಾಡ್ಯೂಲ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಟಿಪಿ4056 ಚಿಪ್ ಇರುವ ಪುಟ್ಟ ನೀಲಿ ಬೋರ್ಡ್. ಟಾರ್ಚ್, ಬ್ಲೂಟೂತ್ ಸ್ಪೀಕರ್, ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಪ್ರಾಜೆಕ್ಟ್, ಎಲ್ಲಕ್ಕೂ ಇದೇ. ಬೋರ್ಡ್ ಕೆಟ್ಟದ್ದೇನಲ್ಲ. ಆದರೆ ಅದು ಮಾಡದ ಕೆಲಸಗಳನ್ನೂ ಅದು ಮಾಡುತ್ತದೆಂದು ನಂಬಿ ಕೂತರೆ ಸೆಲ್ ಕೆಡುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ.

ಮೊದಲು ಬೋರ್ಡ್ ನೋಡಿ. ಇದರಲ್ಲಿ ಎರಡು ಬಗೆ. ಸೆಲ್‌ಗೆಂದು ಎರಡೇ ಪ್ಯಾಡ್ ಇದ್ದರೆ ಅದರಲ್ಲಿರುವುದು ಚಾರ್ಜ್ ಮಾಡುವ ಚಿಪ್ ಮಾತ್ರ. ಬಿ+, ಬಿ−, ಔಟ್+, ಔಟ್− ಎಂದು ನಾಲ್ಕು ಪ್ಯಾಡ್ ಇದ್ದರೆ ಟಿಪಿ4056 ಜೊತೆಗೆ ಆರು ಕಾಲಿನ ಡಿಡಬ್ಲ್ಯು01ಎ, ಎಂಟು ಕಾಲಿನ 8205ಎ ಎಂಬ ಇನ್ನೆರಡು ಚಿಪ್ ಇರುತ್ತವೆ. ಎರಡನೆಯದನ್ನೇ ತೆಗೆದುಕೊಳ್ಳಿ. ಬೆಲೆಯ ವ್ಯತ್ಯಾಸ ಲೆಕ್ಕಕ್ಕಿಡುವಷ್ಟಿಲ್ಲ.

ಚಾರ್ಜ್ ಮಾಡುವ ಚಿಪ್ ಬೇರೆ, ಕಾವಲು ಕಾಯುವ ಚಿಪ್ ಬೇರೆ

ಟಿಪಿ4056 ಸೆಲ್‌ನ ವೋಲ್ಟೇಜ್ ನೋಡಿಕೊಂಡು ಕೆಲಸ ಶುರು ಮಾಡುತ್ತದೆ. ಸೆಲ್ ಸುಮಾರು 2.9 ವೋಲ್ಟ್‌ಗಿಂತ ಕೆಳಗಿದ್ದರೆ ನಿಗದಿಯಾದ ಕರೆಂಟಿನ ಹತ್ತನೇ ಒಂದು ಭಾಗವನ್ನಷ್ಟೇ ಕೊಡುತ್ತದೆ. ಅದು ದಾಟಿದ ಮೇಲೆ ಪೂರ್ತಿ ಕರೆಂಟ್. ವೋಲ್ಟೇಜ್ 4.2ಕ್ಕೆ ಮುಟ್ಟಿದಾಗ ಅದನ್ನು ಅಲ್ಲೇ ಹಿಡಿದಿಡುತ್ತದೆ, ಆಗ ಕರೆಂಟ್ ತಾನಾಗಿ ಇಳಿಯುತ್ತಾ ಹೋಗುತ್ತದೆ. ಇಳಿದು ಹತ್ತನೇ ಒಂದು ಭಾಗಕ್ಕೆ ಬಂದಾಗ ಚಾರ್ಜಿಂಗ್ ನಿಲ್ಲಿಸಿ, ಕೆಂಪು ಎಲ್‌ಇಡಿ ಆರಿಸಿ ನೀಲಿ ಅಥವಾ ಹಸಿರು ಎಲ್‌ಇಡಿ ಹೊತ್ತಿಸುತ್ತದೆ. ನಿಲ್ಲಿಸುವುದು ಮುಖ್ಯ. ಲೆಡ್ ಆಸಿಡ್ ಬ್ಯಾಟರಿಗೆ ಮಾಡುವ ಹಾಗೆ ತುಂಬಿದ ಮೇಲೂ ಸಣ್ಣ ಕರೆಂಟ್ ಹರಿಸುತ್ತಾ ಇಡುವ ಪದ್ಧತಿ ಲಿಥಿಯಂ ಸೆಲ್‌ಗೆ ಆಗಿಬರುವುದಿಲ್ಲ.

4.2 ಎಂಬ ಅಂಕಿಗೆ ಇಷ್ಟು ಬಿಗಿ ಏಕೆ? ಅದಕ್ಕಿಂತ ಮೇಲೆ ತಳ್ಳಿದರೆ ಧನ ಧ್ರುವದ ಪದಾರ್ಥ ಅಸ್ಥಿರವಾಗುತ್ತದೆ, ಎಲೆಕ್ಟ್ರೋಲೈಟ್ ಒಡೆದು ಅನಿಲವಾಗುತ್ತದೆ, ಋಣ ಧ್ರುವದ ಗ್ರಾಫೈಟ್ ಮೇಲೆ ಲಿಥಿಯಂ ಲೋಹವಾಗಿಯೇ ಕೂರತೊಡಗುತ್ತದೆ. ಆ ಲೋಹ ಮುಳ್ಳಿನಂತೆ ಬೆಳೆದು ನಡುವಿನ ತೆಳು ಪೊರೆಯನ್ನು ಚುಚ್ಚಿದರೆ ಸೆಲ್ ಒಳಗೇ ಶಾರ್ಟ್ ಆಗುತ್ತದೆ. ಹೊರಗಿನ ಯಾವ ಸರ್ಕ್ಯೂಟೂ ಆಗ ಅದನ್ನು ತಡೆಯಲಾರದು.

ಡಿಡಬ್ಲ್ಯು01ಎ ಕಾವಲುಗಾರ. ಸೆಲ್ 4.3 ವೋಲ್ಟ್ ದಾಟಿದರೆ ಚಾರ್ಜ್ ದಾರಿಯನ್ನೂ, 2.4ಕ್ಕಿಂತ ಇಳಿದರೆ ಡಿಸ್ಚಾರ್ಜ್ ದಾರಿಯನ್ನೂ ಮುಚ್ಚುತ್ತದೆ. ಮುಚ್ಚುವ ಗೇಟುಗಳೇ 8205ಎ ಒಳಗಿನ ಎರಡು ಮಾಸ್‌ಫೆಟ್, ಅಂದರೆ ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್. ಅವುಗಳ ಅಡ್ಡಲಾಗಿ 150 ಮಿಲಿವೋಲ್ಟ್ ಬಿದ್ದರೆ ಓವರ್ ಕರೆಂಟ್ ಎಂದು ತಿಳಿದು ಕತ್ತರಿಸುತ್ತದೆ. ಎರಡೂ ಸೇರಿ ಸುಮಾರು 50 ಮಿಲಿಓಮ್ ಇರುವುದರಿಂದ ಇದು ಹೆಚ್ಚುಕಡಿಮೆ 3 ಆಂಪಿಯರ್‌ಗೆ ಆಗುತ್ತದೆ.

ಗಮನಿಸಿ, 4.3 ವೋಲ್ಟ್ ಎನ್ನುವುದು ಚಾರ್ಜಿಂಗ್ ಗುರಿಯಲ್ಲ. ಟಿಪಿ4056 ಕೆಟ್ಟಾಗ ಕೊನೆಯ ತಡೆ. ಈ ಚಿಪ್ ಇದೆಯಲ್ಲ ಎಂದು 5 ವೋಲ್ಟ್ ಅಡಾಪ್ಟರನ್ನು ನೇರ ಸೆಲ್‌ಗೆ ಕೊಡುವವರಿದ್ದಾರೆ. ಅಲ್ಲಿ ಕರೆಂಟಿಗೂ ಲಗಾಮಿಲ್ಲ, ಕೊನೆಗೆ ನಿಲ್ಲುವುದೂ 4.2ಕ್ಕಲ್ಲ. ಹಾಗೆಯೇ 2.4 ವೋಲ್ಟ್ ತೀರಾ ಕೆಳಗಿನ ಮಿತಿ. ನಿಮ್ಮ ಉಪಕರಣದಲ್ಲಿ ಮೈಕ್ರೋಕಂಟ್ರೋಲರ್ ಇದ್ದರೆ 3.0ರಿಂದ 3.2 ವೋಲ್ಟ್ ನಡುವೆಯೇ ಅದು ತನ್ನಷ್ಟಕ್ಕೆ ಮಲಗುವಂತೆ ಪ್ರೋಗ್ರಾಂ ಬರೆಯಿರಿ.

ಸೆಲ್‌ಗೆ ತಕ್ಕ ರೆಸಿಸ್ಟರ್

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಬೋರ್ಡ್ ಬರುವುದು 1 ಆಂಪಿಯರ್‌ಗೆ ಹೊಂದಿಸಿ. 2000 ಮಿಲಿಆಂಪಿಯರ್-ಗಂಟೆಗಿಂತ ದೊಡ್ಡ 18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ದುಂಡನೆಯ) ಸೆಲ್‌ಗೆ ಅದು ಸರಿ. ಆದರೆ ಇಯರ್‌ಫೋನ್ ಡಬ್ಬಿಯಿಂದ ತೆಗೆದ 300ರ ಪೌಚ್ (ಚಪ್ಪಟೆ ಚೀಲದಂಥ) ಸೆಲ್‌ಗೆ ಅದೇ 1 ಆಂಪಿಯರ್ ಕೊಟ್ಟರೆ ಅದರ ಸಾಮರ್ಥ್ಯದ ಮೂರು ಪಟ್ಟಿಗಿಂತ ಹೆಚ್ಚು ಕರೆಂಟ್ ನುಗ್ಗಿಸಿದ ಹಾಗೆ. ಬಿಸಿಯಾಗುತ್ತದೆ, ಉಬ್ಬುತ್ತದೆ.

ಕರೆಂಟ್ ನಿರ್ಧರಿಸುವುದು ಚಿಪ್‌ನ 2ನೇ ಕಾಲಿನಿಂದ ಗ್ರೌಂಡ್‌ಗೆ ಇರುವ ರೆಸಿಸ್ಟರ್. ಚಿಪ್ ಮೇಲಿನ ಚುಕ್ಕೆಯ ಪಕ್ಕದ್ದು 1ನೇ ಕಾಲು, ಅದರ ಮುಂದಿನದು 2. ಆ ಕಾಲಿನ ಟ್ರ್ಯಾಕ್ ಹಿಡಿದು ಹೋದರೆ 122 ಎಂದು ಬರೆದ ಪುಟ್ಟ ರೆಸಿಸ್ಟರ್ ಸಿಗುತ್ತದೆ, ಅದು 1.2 ಕಿಲೋಓಮ್. ಲೆಕ್ಕ ಸುಲಭ: 1200ನ್ನು ರೆಸಿಸ್ಟರ್‌ನ ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2 ಕಿಲೋಓಮ್ ಹಾಕಿದರೆ ಸುಮಾರು 600 ಮಿಲಿಆಂಪಿಯರ್, 3 ಹಾಕಿದರೆ 400, 5 ಹಾಕಿದರೆ 250ರ ಹತ್ತಿರ, 10 ಹಾಕಿದರೆ 120–130. ಸೆಲ್‌ನ ಸಾಮರ್ಥ್ಯದ ಅರ್ಧವನ್ನು ಗುರಿಯಾಗಿಡಿ. 300ರ ಸೆಲ್‌ಗೆ 10 ಕಿಲೋಓಮ್, 1000ದ ಸೆಲ್‌ಗೆ 2.4 ಕಿಲೋಓಮ್. ಹಳೆಯ ಲ್ಯಾಪ್‌ಟಾಪ್ ಪ್ಯಾಕ್‌ನಿಂದ ಬಿಚ್ಚಿದ ಸೆಲ್ ಆದರೆ ಅದಕ್ಕಿಂತಲೂ ಕಡಿಮೆ ಇಡಿ, ಆತುರವೇನಿಲ್ಲ.

ಇದೇ 2ನೇ ಕಾಲು ಒಳ್ಳೆಯ ಕಿಟಕಿಯೂ ಹೌದು. ಚಾರ್ಜ್ ಆಗುವಾಗ ಅಲ್ಲಿಂದ ಗ್ರೌಂಡ್‌ಗೆ ಮಲ್ಟಿಮೀಟರ್ ಹಿಡಿದರೆ ಪೂರ್ತಿ ಕರೆಂಟಿನಲ್ಲಿ ಸುಮಾರು 1 ವೋಲ್ಟ್ ಕಾಣುತ್ತದೆ. ಸೆಲ್ ತುಂಬುತ್ತಾ ಬಂದ ಹಾಗೆ ಇಳಿದು 0.1ರ ಹತ್ತಿರ ನಿಲ್ಲುತ್ತದೆ. ವೈರ್ ಕತ್ತರಿಸಿ ಮೀಟರ್ ಸೇರಿಸದೆಯೇ ಕರೆಂಟ್ ತಿಳಿಯುವ ದಾರಿ.

ಜೋಡಿಸುವ ಕ್ರಮ

ಸೆಲ್ ಇಲ್ಲದೆ ಮೊದಲು ಯುಎಸ್‌ಬಿ ಕೊಡಿ. ನೀಲಿ ಎಲ್‌ಇಡಿ ಹೊತ್ತಿ ಕೆಂಪು ಮಿಣುಕಿದರೆ ಸಹಜ. ಯಾವುದೂ ಹೊತ್ತದಿದ್ದರೆ, ಅದೂ ಟೈಪ್-ಸಿ ಸಾಕೆಟ್ ಇರುವ ಬೋರ್ಡ್ ಆಗಿದ್ದರೆ, ಕೇಬಲ್ ಬದಲಿಸಿ ನೋಡಿ. ಅಗ್ಗದ ಕೆಲವು ಬೋರ್ಡ್‌ಗಳಲ್ಲಿ ಸಾಕೆಟ್‌ನ ಎರಡು ಸಿಸಿ ಪಿನ್‌ಗಳಿಗೆ ಇರಬೇಕಾದ 5.1 ಕಿಲೋಓಮ್ ರೆಸಿಸ್ಟರ್‌ಗಳೇ ಇರುವುದಿಲ್ಲ. ಅಂಥವು ಎರಡೂ ಕಡೆ ಟೈಪ್-ಸಿ ಇರುವ ಕೇಬಲಿಗೆ ಕರೆಂಟ್ ಬೇಡುವುದೇ ಇಲ್ಲ. ಒಂದು ಕಡೆ ಅಗಲದ ಹಳೆಯ ಯುಎಸ್‌ಬಿ ಇರುವ ಕೇಬಲಿನಲ್ಲಿ ಕೆಲಸ ಮಾಡುತ್ತವೆ.

ಯುಎಸ್‌ಬಿ ತೆಗೆದು ಬಿ+, ಬಿ− ಪ್ಯಾಡಿಗೆ ವೈರ್ ಬೆಸೆಯಿರಿ. ಇನ್ನೊಂದು ತುದಿ ಸೆಲ್ ಹೋಲ್ಡರಿಗೆ ಹೋಗಲಿ, ಸೆಲ್‌ಗೆ ನೇರ ಬೆಸುಗೆ ಬೇಡ. ಕಾದ ಐರನ್ ತುದಿ ಸೆಲ್‌ನ ತಳಕ್ಕೆ ಕೆಲವು ಸೆಕೆಂಡ್ ತಾಗಿದರೂ ಒಳಗಿನ ಪೊರೆ ಕರಗಬಹುದು. ಶಾಶ್ವತವಾಗಿ ಜೋಡಿಸಬೇಕಿದ್ದರೆ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಿ.

ಸೆಲ್ ಹಾಕುವ ಮುನ್ನ ಧ್ರುವ ನೋಡಿ, ಮೀಟರಿನಿಂದಲೇ ನೋಡಿ. ತಿರುಗುಮುರುಗಾಗಿ ಹಾಕಿದ ಕ್ಷಣದಲ್ಲೇ ಟಿಪಿ4056 ಸುಡುತ್ತದೆ, ಅದಕ್ಕೆ ರಕ್ಷಣೆ ಇಲ್ಲ. ಹೊಸ ಸೆಲ್ ಹಾಕಿದಾಗ ಔಟ್‌ನಲ್ಲಿ 0 ವೋಲ್ಟ್ ತೋರಿಸಿದರೆ ಬೋರ್ಡ್ ಸತ್ತಿದೆ ಎಂದುಕೊಳ್ಳಬೇಡಿ. ಕಾವಲು ಚಿಪ್ ಎಚ್ಚರಗೊಂಡಿಲ್ಲ ಅಷ್ಟೆ. ಒಮ್ಮೆ ಯುಎಸ್‌ಬಿ ಕೊಟ್ಟು ತೆಗೆದರೆ ಸರಿಹೋಗುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ. ಬೋರ್ಡ್‌ನ ಇನ್‌ಪುಟ್ ಮೈನಸ್ ಮತ್ತು ಔಟ್− ಒಂದೇ. ಬಿ− ಮಾತ್ರ ಬೇರೆ, ಅದು ಮಾಸ್‌ಫೆಟ್‌ಗಳ ಆಚೆ ಇದೆ. "ಎಲ್ಲ ಮೈನಸ್ಸೂ ಗ್ರೌಂಡೇ ತಾನೇ" ಎಂದು ಬಿ−ಯನ್ನೂ ಲೋಡ್‌ನ, ಅಂದರೆ ಸೆಲ್‌ನಿಂದ ಓಡುವ ಉಪಕರಣದ, ಗ್ರೌಂಡ್‌ಗೆ ಸೇರಿಸಿದರೆ ಎಲ್ಲವೂ ಎಂದಿನಂತೆ ಓಡುತ್ತದೆ, ಕಾವಲು ಮಾತ್ರ ಇರುವುದಿಲ್ಲ.

ಮೊದಲ ಚಾರ್ಜಿಂಗ್ ಎದುರಿಗೇ ನಡೆಯಲಿ. ಸೆಲ್ಲನ್ನು ಟೈಲ್ಸ್ ಅಥವಾ ಮಣ್ಣಿನ ತಟ್ಟೆಯ ಮೇಲಿಡಿ. ಹಾಸಿಗೆ, ಸೋಫಾ, ಪೇಪರ್ ರಾಶಿ ಬೇಡ. ನೀಲಿ ದೀಪ ಬಂದ ಕೂಡಲೇ ಬಿ+ ಮತ್ತು ಬಿ− ನಡುವೆ ಅಳೆಯಿರಿ. ಚಿಪ್‌ಗೆ ಶೇಕಡಾ 1.5ರಷ್ಟು ಹೆಚ್ಚುಕಡಿಮೆ ಒಪ್ಪಿತ, ಅಂದರೆ 4.14ರಿಂದ 4.26. 4.26 ಮೀರಿದ ಬೋರ್ಡನ್ನು ರಿಪೇರಿ ಮಾಡುವ ಗೋಜಿಗೆ ಹೋಗದೆ ಎಸೆಯಿರಿ.

ಬಿಸಿ

ಟಿಪಿ4056 ಲೀನಿಯರ್ ಚಿಪ್. 5 ವೋಲ್ಟಿಗೂ ಸೆಲ್ ವೋಲ್ಟೇಜಿಗೂ ಇರುವ ಅಂತರವನ್ನೆಲ್ಲ ಶಾಖವಾಗಿ ಬಿಡುತ್ತದೆ. ಸೆಲ್ 3.7ರಲ್ಲಿದ್ದು 1 ಆಂಪಿಯರ್ ಹರಿದರೆ 1.3 ವ್ಯಾಟ್, 3.0ರಲ್ಲಿದ್ದರೆ 2 ವ್ಯಾಟ್. ಇಷ್ಟು ಸಣ್ಣ ಚಿಪ್‌ಗೆ ಇದು ಜಾಸ್ತಿ. ಬೆರಳಿಟ್ಟರೆ ಸುಡುತ್ತದೆ. ಒಳಗಿನ ತಾಪ 145 ಡಿಗ್ರಿಯ ಹತ್ತಿರ ಹೋದಾಗ ಚಿಪ್ ತಾನೇ ಕರೆಂಟ್ ಇಳಿಸುತ್ತದೆ, ಹಾಗಾಗಿ ಚಿಪ್‌ಗೆ ಅಪಾಯ ಕಡಿಮೆ. ಅಪಾಯ ಇರುವುದು ಚಿಪ್‌ಗೆ ತಾಗಿಸಿ ಗ್ಲೂ ಗನ್‌ನಿಂದ ಅಂಟಿಸಿದ ಪೌಚ್ ಸೆಲ್‌ಗೆ. ಬೋರ್ಡ್ ಮತ್ತು ಸೆಲ್ ನಡುವೆ ಕನಿಷ್ಠ ಒಂದು ಬೆರಳಗಲ ಜಾಗ ಬಿಡಿ, ಡಬ್ಬಿಗೆ ಗಾಳಿಯಾಡುವ ತೂತು ಕೊರೆಯಿರಿ. ಅರ್ಧ ಆಂಪಿಯರ್ ಸಾಕಾಗುವ ಕಡೆ 2.4 ಕಿಲೋಓಮ್ ಹಾಕುವುದು ಎಲ್ಲಕ್ಕಿಂತ ಸುಲಭದ ಪರಿಹಾರ.

ಸೆಲ್‌ನ ತಾಪ ಬೇರೆಯೇ ವಿಷಯ. ಸಾಮಾನ್ಯ ಸೆಲ್‌ಗಳನ್ನು 0ಯಿಂದ 45 ಡಿಗ್ರಿ ಒಳಗೆ ಮಾತ್ರ ಚಾರ್ಜ್ ಮಾಡಬೇಕು. ಶೂನ್ಯದ ಕೆಳಗೆ ಗ್ರಾಫೈಟ್ ಲಿಥಿಯಂ ಅನ್ನು ಹೀರಿಕೊಳ್ಳುವ ವೇಗ ಸಾಲದೆ ಅದು ಲೋಹವಾಗಿ ಕೂರುತ್ತದೆ. ನಮ್ಮಲ್ಲಿ ಆ ಚಿಂತೆ ಇಲ್ಲ, ಕೆನಡಾದಲ್ಲೋ ಜರ್ಮನಿಯಲ್ಲೋ ಇರುವವರು ಗ್ಯಾರೇಜಿನಲ್ಲಿಟ್ಟ ಉಪಕರಣದ ವಿಷಯದಲ್ಲಿ ನೆನಪಿಡಬೇಕು. ನಮ್ಮ ತೊಂದರೆ ಮೇಲಿನ ಮಿತಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳಿನಲ್ಲೇ 40 ದಾಟುವಾಗ ಮುಚ್ಚಿದ ಡಬ್ಬಿಯೊಳಗಿನ ಸೆಲ್‌ಗೆ 45 ಮುಟ್ಟುವುದು ಕಷ್ಟವೇನಲ್ಲ.

ಟಿಪಿ4056ಗೆ ತಾಪ ನೋಡುವ ಶಕ್ತಿ ಇದೆ, ಆದರೆ ಬೋರ್ಡ್ ಮಾಡುವವರು 1ನೇ ಕಾಲನ್ನು ಗ್ರೌಂಡ್‌ಗೆ ಕಟ್ಟಿ ಅದನ್ನು ಕಣ್ಣುಮುಚ್ಚಿಸಿರುತ್ತಾರೆ. ತೆರೆಯಬೇಕೆಂದರೆ ಆ ಕಾಲನ್ನು ಸೂಜಿಯಿಂದ ಮೆಲ್ಲಗೆ ಎತ್ತಿ, ಅದರಿಂದ 4ನೇ ಕಾಲಿಗೆ, ಅಂದರೆ 5 ವೋಲ್ಟಿಗೆ, 4.7 ಕಿಲೋಓಮ್ ಹಾಕಿ. ಅದೇ ಕಾಲಿನಿಂದ ಗ್ರೌಂಡ್‌ಗೆ 47 ಕಿಲೋಓಮ್, ಅದಕ್ಕೆ ಸಮಾನಾಂತರವಾಗಿ 10 ಕಿಲೋಓಮ್, ಬೀಟಾ 3950 ಇರುವ ಎನ್‌ಟಿಸಿ ಥರ್ಮಿಸ್ಟರ್, ಅಂದರೆ ಬಿಸಿಯಾದಂತೆ ಓಮ್ ಇಳಿಯುವ ರೆಸಿಸ್ಟರ್. ಥರ್ಮಿಸ್ಟರ್ ಸೆಲ್‌ನ ಮೈಗೆ ಅಂಟಿರಬೇಕು. ಕಾಲಿನ ವೋಲ್ಟೇಜ್ ಇನ್‌ಪುಟ್‌ನ ಶೇಕಡಾ 45ಕ್ಕಿಂತ ಇಳಿದರೂ 80ಕ್ಕಿಂತ ಏರಿದರೂ ಚಾರ್ಜಿಂಗ್ ನಿಲ್ಲುತ್ತದೆ. ಈ ಬೆಲೆಗಳಲ್ಲಿ ಅದು ಸುಮಾರು 46 ಡಿಗ್ರಿ ಮತ್ತು 1 ಡಿಗ್ರಿಗೆ ಸರಿಹೊಂದುತ್ತದೆ. ಕೂದಲೆಳೆಯಷ್ಟು ಸೂಕ್ಷ್ಮದ ಕೆಲಸ, ಕೈ ನಡುಗದವರು ಮಾಡಿ.

ಚಾರ್ಜ್ ಆಗುತ್ತಲೇ ಉಪಕರಣ ಓಡಬೇಕೆಂದರೆ

ಔಟ್‌ಗೆ ಲೋಡ್ ಕಟ್ಟಿಯೇ ಚಾರ್ಜ್ ಮಾಡಿದರೆ ಚಿಪ್ ಮೋಸಹೋಗುತ್ತದೆ. ಲೋಡ್ 150 ಮಿಲಿಆಂಪಿಯರ್ ಎಳೆಯುತ್ತಿದ್ದರೆ ಕರೆಂಟ್ 1 ಆಂಪಿಯರ್‌ನ ಹತ್ತನೇ ಒಂದು ಭಾಗವಾದ 100ಕ್ಕೆ ಇಳಿಯುವುದೇ ಇಲ್ಲ. ಚಾರ್ಜ್ ಮುಗಿಯಿತೆಂದು ಚಿಪ್‌ಗೆ ಗೊತ್ತಾಗದೆ ಸೆಲ್ ದಿನಗಟ್ಟಲೆ 4.2ರಲ್ಲೇ ನಿಂತಿರುತ್ತದೆ. ಉಬ್ಬಿದ ಸೆಲ್‌ಗಳ ಹಿಂದೆ ಹಲವು ಸಲ ಇರುವುದು ಇದೇ.

ಪರಿಹಾರಕ್ಕೆ ಮೂರು ಬಿಡಿಭಾಗ ಸಾಕು. ಎಒ3401ನಂಥ ಪಿ-ಚಾನೆಲ್ ಮಾಸ್‌ಫೆಟ್, ಎಸ್ಎಸ್34 ಶಾಟ್ಕಿ ಡಯೋಡ್, 100 ಕಿಲೋಓಮ್ ರೆಸಿಸ್ಟರ್. ಮಾಸ್‌ಫೆಟ್‌ನ ಡ್ರೈನ್ ಔಟ್+ಗೆ, ಸೋರ್ಸ್ ಲೋಡ್‌ಗೆ, ಗೇಟ್ ಯುಎಸ್‌ಬಿ 5 ವೋಲ್ಟಿಗೆ. ರೆಸಿಸ್ಟರ್ ಗೇಟ್‌ನಿಂದ ಗ್ರೌಂಡ್‌ಗೆ. ಡಯೋಡ್ 5 ವೋಲ್ಟಿನಿಂದ ಲೋಡ್ ಕಡೆಗೆ. ಯುಎಸ್‌ಬಿ ಇದ್ದಾಗ ಲೋಡ್ ಡಯೋಡ್ ಮೂಲಕ ಉಣ್ಣುತ್ತದೆ, ಸೆಲ್ ಒಂಟಿಯಾಗಿ ತುಂಬುತ್ತದೆ. ತೆಗೆದಾಗ ಮಾಸ್‌ಫೆಟ್ ತೆರೆದು ಸೆಲ್ ಕೆಲಸಕ್ಕಿಳಿಯುತ್ತದೆ. ಡ್ರೈನ್, ಸೋರ್ಸ್ ಅದಲುಬದಲಾದರೆ ಒಳಗಿನ ಬಾಡಿ ಡಯೋಡ್ ಮೂಲಕ 5 ವೋಲ್ಟ್ ನೇರ ಸೆಲ್‌ಗೆ ನುಗ್ಗುತ್ತದೆ, ಆದ್ದರಿಂದ ಡೇಟಾಶೀಟ್ ಎದುರಿಗಿಟ್ಟುಕೊಂಡೇ ಬೆಸೆಯಿರಿ.

ಸೋಲಾರ್, ಬೇರೆ ಸೆಲ್, ಸರಣಿ ಪ್ಯಾಕ್

ಇನ್‌ಪುಟ್ 8 ವೋಲ್ಟ್ ದಾಟಬಾರದು. 6 ವೋಲ್ಟಿನ ಪುಟ್ಟ ಸೋಲಾರ್ ಪ್ಯಾನೆಲ್ ಲೋಡಿಲ್ಲದೆ 7 ವೋಲ್ಟ್ ಆಸುಪಾಸು ಕೊಡುತ್ತದೆ, ನಡೆಯುತ್ತದೆ. 12 ವೋಲ್ಟಿನದು ಬಿಸಿಲಿನಲ್ಲಿ 20ಕ್ಕೂ ಮೇಲೆ ಹೋಗುವುದರಿಂದ ಚಿಪ್ ಉಳಿಯುವುದಿಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 3.65 ವೋಲ್ಟಿಗೆ ತುಂಬುತ್ತದೆ. ಅದು ನೋಡಲು 18650 ಥರವೇ ಇದ್ದರೂ ಈ ಬೋರ್ಡಿಗೆ ಹಾಕಬೇಡಿ. ಸೆಲ್ ಮೇಲೆ 3.2 ವೋಲ್ಟ್ ಎಂದಿದ್ದರೆ ಅದೇ ಜಾತಿ. 9900 ಮಿಲಿಆಂಪಿಯರ್-ಗಂಟೆ ಎಂದು ಬರೆದ 18650 ಸೆಲ್ ಸುಳ್ಳು. ಆ ಅಳತೆಯಲ್ಲಿ ಒಳ್ಳೆಯ ಸೆಲ್ ಕೊಡುವುದು 3500ರ ಆಸುಪಾಸು. ತೂಕ ಹಾಕಿ ನೋಡಿ, ನಿಜವಾದದ್ದು 45 ಗ್ರಾಂ ಹತ್ತಿರ ತೂಗುತ್ತದೆ.

ಎರಡು, ಮೂರು ಸೆಲ್ ಸರಣಿಯಲ್ಲಿದ್ದರೆ ಈ ಬೋರ್ಡಿನ ಕೆಲಸವಲ್ಲ. ಅಲ್ಲಿ 8.4 ಅಥವಾ 12.6 ವೋಲ್ಟಿನ, ಕರೆಂಟ್ ಮತ್ತು ವೋಲ್ಟೇಜ್ ಎರಡನ್ನೂ ಹಿಡಿಯುವ ಚಾರ್ಜರ್ ಬೇಕು, ಜೊತೆಗೆ ಸೆಲ್‌ಗಳ ವೋಲ್ಟೇಜ್ ಸಮವಾಗಿಡುವ (ಬ್ಯಾಲೆನ್ಸ್ ಮಾಡುವ) ಬಿಎಂಎಸ್, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಬೋರ್ಡ್, ಬೇಕು. ಬಿಎಂಎಸ್ ಇದೆ ಎಂದು ಸೆಟ್‌ಟಾಪ್ ಬಾಕ್ಸಿನ ಹಳೆಯ 12 ವೋಲ್ಟ್ ಅಡಾಪ್ಟರ್ ಸಿಕ್ಕಿಸುವುದು ಬೇಡ; ಬಿಎಂಎಸ್ ಚಾರ್ಜರ್ ಅಲ್ಲ, ಅದೂ ಕಾವಲುಗಾರನೇ.

ಯಾವ ಸೆಲ್ಲನ್ನು ಕೈಬಿಡಬೇಕು

2 ವೋಲ್ಟಿಗಿಂತ ಕೆಳಗೆ ಬಹುಕಾಲ ಬಿದ್ದಿದ್ದ ಸೆಲ್‌ನಲ್ಲಿ ಋಣ ಧ್ರುವದ ತಾಮ್ರದ ಹಾಳೆ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಬೇಡದ ಕಡೆ ಕೂತು ಒಳಗೇ ಶಾರ್ಟ್ ಮಾಡಬಲ್ಲದು. ಇನ್ನೊಂದು ಸೆಲ್‌ನಿಂದ ವೈರ್ ಮುಟ್ಟಿಸಿ ಎಬ್ಬಿಸುವ ಉಪಾಯ ವಿಡಿಯೋಗಳಲ್ಲಿ ಬೇಕಾದಷ್ಟಿದೆ, ಅದನ್ನು ಮಾಡಬೇಡಿ. ಚಾರ್ಜಿಂಗ್ ವೇಳೆ ಕೈಗೆ ಚೆನ್ನಾಗಿ ಬಿಸಿ ತಾಗುವ ಸೆಲ್, ತುಂಬಿಸಿ ವಾರ ಬಿಟ್ಟಾಗ 4.0ಕ್ಕಿಂತ ಇಳಿಯುವ ಸೆಲ್, ಉಬ್ಬಿದ ಅಥವಾ ಸಿಹಿ ವಾಸನೆ ಬರುವ ಪೌಚ್, ಇವೆಲ್ಲ ಇ-ತ್ಯಾಜ್ಯಕ್ಕೆ. ಎರಡೂ ಧ್ರುವಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಕೊಡಿ, ಪಾಲಿಕೆಯ ಕಸದ ಗಾಡಿಗೆ ಹಾಕಬೇಡಿ. ಉಬ್ಬಿದ್ದನ್ನು ಚುಚ್ಚಿ ಗಾಳಿ ತೆಗೆಯಲು ಹೋಗಬೇಡಿ.

ಹೊಗೆ ಬಂದರೆ ಪ್ಲಗ್ ಕಿತ್ತು ಕಿಟಕಿ ತೆರೆದು ಜನರನ್ನು ದೂರ ಸರಿಸಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಉಸಿರಾಡಬಾರದು. ಪ್ಲಗ್ ಕಿತ್ತಾದ ಮೇಲೆ ಇಂಥ ಸಣ್ಣ ಸೆಲ್ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿಯಬಹುದು. ನೀರು ತಂಪು ಮಾಡುತ್ತದೆ. ಮರಳು ಹರಡದಂತೆ ತಡೆಯುತ್ತದೆ, ತಂಪು ಮಾಡುವುದಿಲ್ಲ. ಆರಿದ ಸೆಲ್ ಮತ್ತೆ ಹೊತ್ತಿಕೊಳ್ಳುವುದುಂಟು, ಹಾಗಾಗಿ ಅದನ್ನು ಹೊರಗೆ, ಬೇರೆ ಯಾವುದೂ ಹತ್ತಿರವಿಲ್ಲದ ಕಡೆ, ಒಂದು ಇಡೀ ದಿನ ಬಿಡಿ.