ದೇಶ ಬಿಡುವ ಆದೇಶವನ್ನು ಪ್ರಶ್ನಿಸುವ ಬಗೆ

ಮೂವತ್ತು ವರ್ಷಗಳ ಹಿಂದೆ ಬಾಂಗ್ಲಾದೇಶದಿಂದ ಬಂದು, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯವರನ್ನು ಮದುವೆಯಾಗಿ, ಈಗ ಗಂಡನನ್ನು ಕಳೆದುಕೊಂಡು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿರುವ ಹೆಂಗಸೊಬ್ಬರಿಗೆ ದೇಶ ಬಿಡುವಂತೆ ನೋಟಿಸ್ ಬಂದಿದೆ ಎಂದಿಟ್ಟುಕೊಳ್ಳೋಣ. ಮೊದಲು ನೋಟಿಸನ್ನು ಪೂರ್ತಿ ಓದಿ, ಅದನ್ನು ಯಾವ ಕಾನೂನಿನಡಿ ಯಾರು ಕೊಟ್ಟಿದ್ದಾರೆ, ಎಷ್ಟು ದಿನ ಕಾಲಾವಕಾಶವಿದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ರೌಡಿಗಳನ್ನು ಜಿಲ್ಲೆಯಿಂದಾಚೆ ಕಳಿಸುವ ಗಡೀಪಾರು ಬೇರೆ, ಇದು ಬೇರೆ. ವಿದೇಶಿಯರ ವಿಷಯಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಅನ್ವಯಿಸುತ್ತದೆ. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಪೊಲೀಸ್ ವರಿಷ್ಠಾಧಿಕಾರಿಯವರೇ. ಕೋಲಾರ ಜಿಲ್ಲೆಯಲ್ಲೇ ಕೆ.ಜಿ.ಎಫ್.ಗೆ ಪ್ರತ್ಯೇಕ ವರಿಷ್ಠಾಧಿಕಾರಿ ಇರುವುದರಿಂದ ಅರ್ಜಿ ಯಾವ ಕಚೇರಿಗೆ ಹೋಗಬೇಕೆಂದು ನೋಡಿಕೊಳ್ಳಿ.

ಠಾಣೆಯಲ್ಲಿ ಹೇಳಿಕೆಗೆ ಹೆಬ್ಬೆಟ್ಟು ಒತ್ತುವ ಮುನ್ನ ಅದನ್ನು ಓದಿಸಿ ಕೇಳಲೇಬೇಕು. ತಾನು ಅಕ್ರಮವಾಗಿ ಬಂದವಳೆಂದು ತಾಯಿ ಬರೆದುಕೊಟ್ಟರೆ, 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದ ಮಕ್ಕಳ ಪೌರತ್ವಕ್ಕೂ ಸಂಚಕಾರ ಬರುತ್ತದೆ. ತಂದೆ ಭಾರತೀಯರಾಗಿದ್ದರೂ ಅಷ್ಟೇ.

ವಕೀಲರ ಶುಲ್ಕಕ್ಕೆ ಹೆದರಿ ದಿನ ಕಳೆಯಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಅಂಗವಿಕಲರು ಮತ್ತು ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಲೂಬಹುದು.

ಇನ್ನು ವಾದದ ವಿಷಯ. ‘ಇಷ್ಟು ವರ್ಷ ಇಲ್ಲೇ ಬಾಳಿದ್ದೇನೆ, ಆದ್ದರಿಂದ ಇಲ್ಲಿರುವುದು ನನ್ನ ಹಕ್ಕು’ ಎಂಬ ಮಾತು ಮನಸ್ಸಿಗೆ ನಾಟುತ್ತದೆ, ಆದರೆ ನ್ಯಾಯಾಲಯದಲ್ಲಿ ಅದೊಂದೇ ನಿಲ್ಲುವುದಿಲ್ಲ. ವಿದೇಶಿಯರನ್ನು ಹೊರಗೆ ಕಳಿಸುವ ಸರ್ಕಾರದ ಅಧಿಕಾರ ಬಹಳ ವಿಶಾಲವೆಂದು ಸುಪ್ರೀಂ ಕೋರ್ಟ್ 1955ರ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲೇ ಹೇಳಿದೆ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಾಗರಿಕರಿಗಷ್ಟೇ ಕೊಟ್ಟಿದೆ. ಬಲ ಇರುವುದು ಸಮಾನತೆಯ 14 ಮತ್ತು ಜೀವ ರಕ್ಷಣೆಯ 21ನೇ ವಿಧಿಗಳಲ್ಲಿ. ಅವು ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎನ್ನುತ್ತವೆ, ಮತ್ತು 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ರಕ್ಷಣೆ ನಾಗರಿಕರಲ್ಲದವರಿಗೂ ಇದೆಯೆಂದು ಎತ್ತಿಹಿಡಿದಿದೆ. ಆದ್ದರಿಂದ ತನ್ನ ಮಾತನ್ನು ಕೇಳಲಿಲ್ಲ, ಆದೇಶಕ್ಕೆ ಕಾರಣ ಕೊಟ್ಟಿಲ್ಲ, ಚಿಕಿತ್ಸೆ ತಪ್ಪಿದರೆ ಜೀವ ಹೋಗುತ್ತದೆ ಎಂಬುದನ್ನು ದಾಖಲೆ ಸಮೇತ ಹೇಳಬೇಕು. ಯಾರಾದರೂ 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಭಾರತದಲ್ಲೇ ಹುಟ್ಟಿದ್ದರೆ, ಸಾಮಾನ್ಯವಾಗಿ ಅವರು ಹುಟ್ಟಿನಿಂದಲೇ ನಾಗರಿಕರು. ಆಗ ವಾದದ ದಿಕ್ಕೇ ಬೇರೆ.

ದಾಖಲೆಯೆಂದರೆ ಆಧಾರ್ ಕಾರ್ಡನ್ನಷ್ಟೇ ಮುಂದೆ ಹಿಡಿಯುವವರು ಹೆಚ್ಚು. ಅದು ಪೌರತ್ವದ ಪುರಾವೆಯಲ್ಲ. ಟ್ರಂಕಿನ ತಳದ ಪ್ಲಾಸ್ಟಿಕ್ ಕವರಿನಲ್ಲಿರುವ ತಾಯಿ ಕಾರ್ಡ್, ಮಕ್ಕಳ ಶಾಲಾ ದಾಖಲಾತಿಯ ಪ್ರತಿ, ಮದುವೆ ನೋಂದಣಿ, ಗಂಡನ ಮರಣ ಪ್ರಮಾಣಪತ್ರ, ಹಳೆಯ ವೀಸಾ ಇವೆಲ್ಲ ವರ್ಷವಾರು ಜೋಡಣೆಯಾಗಲಿ. ಆಸ್ಪತ್ರೆಯಿಂದ ‘ಡಯಾಲಿಸಿಸ್ ನಿಂತರೆ ಏನಾಗುತ್ತದೆ’ ಎಂದು ವೈದ್ಯರು ಸ್ಪಷ್ಟವಾಗಿ ಬರೆದ ಪತ್ರ ಬೇಕು. ಬರೀ ಚೀಟಿ ಸಾಲದು. ಯಾರೋ ಏಜೆಂಟು ಮಾಡಿಸಿಕೊಡುವ ಜನನ ಪ್ರಮಾಣಪತ್ರವನ್ನಂತೂ ಮುಟ್ಟಬೇಡಿ.

ಈ ಕಾಗದಗಳೊಂದಿಗೆ ವರಿಷ್ಠಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಭಾರತೀಯರನ್ನು ಮದುವೆಯಾದ ಬಾಂಗ್ಲಾದೇಶ, ಪಾಕಿಸ್ತಾನದ ಮಹಿಳೆಯರಿಗೆ ದೀರ್ಘಾವಧಿ ವೀಸಾದ ದಾರಿಯೂ ಇದೆ, ಅದನ್ನೂ ವಕೀಲರಲ್ಲಿ ಕೇಳಿ. ಉತ್ತರಕ್ಕಾಗಿ ಕಾಯುತ್ತ ಗಡುವು ಮೀರಿಸದೆ, ಬೆಂಗಳೂರಿನ ಹೈಕೋರ್ಟ್‌ನಲ್ಲಿ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ ಮಧ್ಯಂತರ ತಡೆಯಾಜ್ಞೆ ಕೋರಬೇಕು. ಆಕೆಯನ್ನು ಆಗಲೇ ಕಾನೂನುಬಾಹಿರವಾಗಿ ಬಂಧಿಸಿಟ್ಟಿದ್ದರೆ ಬಂಧಿತರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವಂತೆ ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು.

ತಡೆಯಾಜ್ಞೆ ಸಿಕ್ಕರೆ ಅದೇ ದಿನ ವರಿಷ್ಠಾಧಿಕಾರಿ ಕಚೇರಿಗೂ ಠಾಣೆಗೂ ಪ್ರತಿ ತಲುಪಿಸಿ ಮುದ್ರೆ ಹಾಕಿಸಿಕೊಳ್ಳಿ. ಒಂದು ಜೆರಾಕ್ಸ್ ಆಕೆಯ ಕೈಚೀಲದಲ್ಲಿ, ಡಯಾಲಿಸಿಸ್ ಪುಸ್ತಕದ ಜೊತೆಗೇ ಇರಲಿ.