ಚೀನಾದಿಂದ ಮಷೀನ್ ತರಿಸ್ತಿದೀರಾ? ದುಡ್ಡು ಕಳ್ಸೋ ಮುಂಚೆ ಎಫ್‌ಓಬಿ, ಸಿಐಎಫ್, ಡಿಡಿಪಿ ಏನು ಅಂತ ತಿಳ್ಕೊಳ್ಳಿ

ಸಪ್ಲೈಯರ್ ಪ್ರೊಫಾರ್ಮಾ ಇನ್‌ವಾಯ್ಸ್, ಅದೇ ಪಿಐ ಕಳ್ಸಿದ ತಕ್ಷಣ ಎಲ್ಲರ ಕಣ್ಣು ಹೋಗೋದು ಡಾಲರ್ ರೇಟ್ ಮೇಲೆ. ಅದರ ಪಕ್ಕದಲ್ಲೇ ಎಫ್‌ಓಬಿ ಚಿಂಗ್ಡಾವ್, ಸಿಐಎಫ್ ಚೆನ್ನೈ ಅಂತ ಏನೋ ಬರ್ದಿರತ್ತಲ್ಲ, ಅದನ್ನ ತುಂಬಾ ಜನ ಓದೋದೇ ಇಲ್ಲ. ಆದ್ರೆ ನಿಮ್ಮ ಜೇಬಿಂದ ಕೊನೆಗೆ ಎಷ್ಟು ಹೋಗತ್ತೆ, ದಾರೀಲಿ ಮಾಲು ಹಾಳಾದ್ರೆ ನಷ್ಟ ಯಾರದ್ದು, ಎರಡನ್ನೂ ತೀರ್ಮಾನ ಮಾಡೋದು ಆ ಮೂರು ಅಕ್ಷರ ಮತ್ತೆ ಅದರ ಮುಂದಿರೋ ಊರ ಹೆಸರು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಸಣ್ಣ ಶೆಡ್ ಇಟ್ಕೊಂಡು ಮೊದಲ ಸಲ ಹೊರಗಡೆಯಿಂದ ಮಷೀನ್ ತರಿಸೋರನ್ನ ಮನಸ್ಸಲ್ಲಿಟ್ಕೊಂಡು ಇದನ್ನ ಬರೀತಿದೀನಿ.

ಇವಕ್ಕೆ ಇನ್‌ಕೋಟರ್ಮ್ಸ್ ಅಂತಾರೆ. ಪ್ಯಾರಿಸ್‌ನಲ್ಲಿರೋ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ 1936ರಲ್ಲಿ ಮೊದಲು ಇದನ್ನ ಪ್ರಕಟ ಮಾಡ್ತು, ಆಮೇಲೆ ಆಗಾಗ ತಿದ್ದುತ್ತಾ ಬಂದಿದೆ, ಈಗ ಬಳಕೆಯಲ್ಲಿರೋದು ಇನ್‌ಕೋಟರ್ಮ್ಸ್ 2020. ಒಟ್ಟು 11 ಟರ್ಮ್ಸ್ ಇವೆ. ಹನ್ನೊಂದನ್ನೂ ಬಾಯಿಪಾಠ ಮಾಡೋ ಅಗತ್ಯ ಇಲ್ಲ. ಪ್ರತಿ ಟರ್ಮ್‌ಗೂ ಎರಡೇ ಪ್ರಶ್ನೆ ಕೇಳಿ: ಸಪ್ಲೈಯರ್ ಎಲ್ಲೀವರೆಗೂ ಖರ್ಚು ಹಾಕ್ತಾನೆ, ರಿಸ್ಕ್ ಯಾವ ಜಾಗದಲ್ಲಿ ನನ್ನ ತಲೆಗೆ ಬರತ್ತೆ. ಈ ಎರಡು ಜಾಗ ಒಂದೇ ಆಗಿರ್ಬೇಕು ಅಂತೇನಿಲ್ಲ, ಜನ ಏಮಾರೋದೇ ಇಲ್ಲಿ.

ಒಂದು ಉದಾಹರಣೆ ಇಟ್ಕೊಳ್ಳೋಣ. ಶಾಂಡಾಂಗ್ ಪ್ರಾಂತ್ಯದ ಜಿನಾನ್ ಊರಲ್ಲಿ ಸಿಎನ್‌ಸಿ ರೌಟರ್, ಲೇಸರ್ ಮಷೀನ್ ಮಾಡೋ ಫ್ಯಾಕ್ಟರಿಗಳು ತುಂಬಾ ಇವೆ, ಅಲ್ಲಿಂದ ಹಡಗು ಹತ್ತಿಸೋದು ಚಿಂಗ್ಡಾವ್ ಬಂದರಲ್ಲಿ. ಮಷೀನ್ 4,000 ಡಾಲರ್, ಪೂರ್ತಿ ಕಂಟೈನರ್ ಬೇಕಾಗಲ್ಲ, ಬೇರೆಯವರ ಮಾಲಿನ ಜೊತೆ ಎಲ್‌ಸಿಎಲ್‌ನಲ್ಲಿ ಚೆನ್ನೈಗೆ ಬಂದು ಅಲ್ಲಿಂದ ಲಾರೀಲಿ ಪೀಣ್ಯಕ್ಕೆ ಬರ್ಬೇಕು.

ಮೊದಲು ಇಎಕ್ಸ್‌ಡಬ್ಲ್ಯೂ, ಎಕ್ಸ್ ವರ್ಕ್ಸ್. ರೇಟ್ ಇದರಲ್ಲೇ ಎಲ್ಲಕ್ಕಿಂತ ಕಮ್ಮಿ ಕಾಣತ್ತೆ, ಯಾಕಂದ್ರೆ ಸಪ್ಲೈಯರ್ ಮಾಲನ್ನ ಅವನ ಫ್ಯಾಕ್ಟರೀಲಿ ರೆಡಿ ಇಟ್ರೆ ಅವನ ಕೆಲಸ ಮುಗೀತು, ಲಾರಿಗೆ ಎತ್ತಿ ಹಾಕೋದೂ ನಿಮ್ಮದೇ ಜವಾಬ್ದಾರಿ. ಅದಕ್ಕಿಂತ ದೊಡ್ಡ ತೊಂದ್ರೆ ಅಂದ್ರೆ ಚೀನಾ ಕಡೆಯ ಎಕ್ಸ್‌ಪೋರ್ಟ್ ಕ್ಲಿಯರೆನ್ಸ್ ಕೂಡ ನಿಮ್ಮ ಪಾಲಿಗೆ ಬರತ್ತೆ. ಬೆಂಗಳೂರಲ್ಲಿ ಕೂತು ಅಲ್ಲಿನ ಕಸ್ಟಮ್ಸ್‌ಗೆ ನೀವು ಪೇಪರ್ ಹಾಕೋಕಾಗಲ್ಲ, ಅಲ್ಲಿನ ಇನ್ನೊಂದು ಕಂಪನಿ ಹೆಸರಲ್ಲಿ ಮಾಡಿಸ್ಬೇಕು, ಅದಕ್ಕೆ ಬೇರೆ ದುಡ್ಡು. ಮೊದಲ ಇಂಪೋರ್ಟ್‌ಗೆ ಇದು ಬೇಡ.

ಇನ್ನು ಎಫ್‌ಓಬಿ ಚಿಂಗ್ಡಾವ್. ಸಪ್ಲೈಯರ್ ಬಂದರಿಗೆ ತಂದು, ಎಕ್ಸ್‌ಪೋರ್ಟ್ ಕ್ಲಿಯರೆನ್ಸ್ ಮಾಡಿಸಿ, ಹಡಗಿನ ಮೇಲೆ ಇಡೋತನಕ ಖರ್ಚೂ ಅವನದ್ದು ರಿಸ್ಕೂ ಅವನದ್ದು. ಅಲ್ಲಿಂದಾಚೆ ಹಡಗಿನ ಬಾಡಿಗೆ, ಇನ್ಶೂರೆನ್ಸ್, ಚೆನ್ನೈ ಖರ್ಚು ಎಲ್ಲಾ ನಿಮ್ಮದು. ನಿಜ ಹೇಳ್ಬೇಕಂದ್ರೆ ಕಂಟೈನರ್ ಮಾಲಿಗೆ ಎಫ್‌ಓಬಿ ಸರಿಯಾದ ಟರ್ಮ್ ಅಲ್ಲ, ಎಫ್‌ಸಿಎ ಬಳಸಿ ಅಂತ ಆ ಚೇಂಬರ್ ಅವರೇ ಹೇಳ್ತಾರೆ. ಕಾರಣ ಏನಂದ್ರೆ ಎಲ್‌ಸಿಎಲ್ ಮಾಲನ್ನ ಸಪ್ಲೈಯರ್ ಹಡಗಿಗೆ ಹತ್ತಿಸೋದೇ ಇಲ್ಲ, ಫಾರ್ವರ್ಡರ್, ಅಂದ್ರೆ ಮಾಲು ಸಾಗಿಸೋ ಏರ್ಪಾಟು ಮಾಡೋ ಏಜೆಂಟ್, ಅವನ ಗೋಡೌನ್‌ಗೆ ಒಪ್ಪಿಸಿ ಹೋಗ್ತಾನೆ, ಅಲ್ಲಿ ನಾಲ್ಕೈದು ದಿನ ಬಿದ್ದಿದ್ದು ಆಮೇಲೆ ಕಂಟೈನರ್‌ಗೆ ಹೋಗತ್ತೆ. ಎಫ್‌ಸಿಎ ಅಂದ್ರೆ ಆ ಗೋಡೌನ್‌ಗೆ ತಲುಪಿದಾಗಲೇ ರಿಸ್ಕ್ ನಿಮಗೆ ಬರತ್ತೆ, ನಿಜವಾಗಿ ನಡೆಯೋದಕ್ಕೂ ಪೇಪರ್‌ನಲ್ಲಿರೋದಕ್ಕೂ ತಾಳೆ ಆಗತ್ತೆ. ಎಕ್ಸ್‌ಪೋರ್ಟ್ ಕ್ಲಿಯರೆನ್ಸ್ ಇದರಲ್ಲೂ ಸಪ್ಲೈಯರ್‌ದೇ. ಆದ್ರೂ ಎಲ್ಲಾರ ಬಾಯಲ್ಲಿರೋದು ಎಫ್‌ಓಬಿನೇ. ಸಪ್ಲೈಯರ್ ಎಫ್‌ಸಿಎ ಒಪ್ಪಲಿಲ್ಲ ಅಂದ್ರೆ ಎಫ್‌ಓಬಿ ತಗೊಳ್ಳಿ, ಅಲ್ಲಿನ ಲೋಕಲ್ ಚಾರ್ಜಸ್ ಎಲ್ಲಾ ನಿಮ್ಮ ರೇಟ್‌ನಲ್ಲೇ ಸೇರಿದ್ಯಾ ಅಂತ ಮಾತ್ರ ಬರವಣಿಗೇಲಿ ಕೇಳಿ.

ಈಗ ಬರೋದು ಮುಖ್ಯ ವಿಷ್ಯ, ಸಿಐಎಫ್ ಚೆನ್ನೈ. ಬಾಡಿಗೆ, ಇನ್ಶೂರೆನ್ಸ್ ಎರಡನ್ನೂ ಸಪ್ಲೈಯರ್ ಕಟ್ತಾನೆ. ಇನ್ಶೂರೆನ್ಸ್ ಬಿಟ್ಟು ಬರೀ ಬಾಡಿಗೆ ಕಟ್ಟಿದ್ರೆ ಸಿಎಫ್‌ಆರ್, ನಮ್ಮ ಕಡೆ ಹಳಬರು ಅದನ್ನೇ ಸಿ ಆಂಡ್ ಎಫ್ ಅಂತಾರೆ. ಚೆನ್ನೈ ತನಕ ಅವನೇ ತಂದ್ಕೊಡ್ತಾನಲ್ಲ, ಹಾಗಾದ್ರೆ ಚೆನ್ನೈ ತನಕ ರಿಸ್ಕೂ ಅವನದ್ದೇ ಅಂತ ಅನ್ಕೋಬೇಡಿ. ಸಿ ಅಕ್ಷರದಿಂದ ಶುರುವಾಗೋ ನಾಲ್ಕೂ ಟರ್ಮ್ಸ್‌ನಲ್ಲಿ (ಸಿಎಫ್‌ಆರ್, ಸಿಐಎಫ್, ಮತ್ತೆ ಬಂದರಿಗೇ ಸೀಮಿತ ಅಲ್ಲದ ಅವುಗಳ ಜೋಡಿ ಸಿಪಿಟಿ, ಸಿಐಪಿ) ಖರ್ಚು ದೂರದ ಊರಿನವರೆಗೂ ಅವನದ್ದು, ರಿಸ್ಕ್ ಮಾತ್ರ ಚೀನಾದಲ್ಲೇ ನಿಮಗೆ ಬಂದ್ಬಿಡತ್ತೆ. ಸಿಐಎಫ್‌ನಲ್ಲಿ ಚಿಂಗ್ಡಾವ್‌ನಲ್ಲಿ ಹಡಗು ಹತ್ತಿದ ಕ್ಷಣದಿಂದ ಮಾಲಿಗೆ ಏನಾದ್ರೂ ಅದು ನಿಮ್ಮ ನಷ್ಟ, ಸಪ್ಲೈಯರ್‌ನ ಕೇಳೋ ಹಾಗಿಲ್ಲ, ಇನ್ಶೂರೆನ್ಸ್ ಕಂಪನಿ ಹಿಂದೆ ನೀವೇ ಓಡಾಡ್ಬೇಕು.

ಆ ಇನ್ಶೂರೆನ್ಸ್ ಎಂಥದ್ದು ಅಂತಾನೂ ನೋಡಿ. ಸಿಐಎಫ್‌ನಲ್ಲಿ ಸಪ್ಲೈಯರ್ ಮಾಡಿಸಲೇಬೇಕಾಗಿರೋದು ಅತಿ ಕಮ್ಮಿ ಕವರ್, ಇನ್ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಸಿ, ಇನ್‌ವಾಯ್ಸ್ ಮೊತ್ತದ 110 ಪರ್ಸೆಂಟ್‌ಗೆ. ಹಡಗು ಮುಳುಗಿದ್ರೆ, ಬೆಂಕಿ ಬಿದ್ರೆ, ಡಿಕ್ಕಿ ಆದ್ರೆ ಅದು ಕೊಡತ್ತೆ. ಕಳ್ಳತನ ಆದ್ರೆ ಇಲ್ಲ, ಕಂಟೈನರ್ ಒಳಗೆ ಸಮುದ್ರದ ನೀರು ನುಗ್ಗಿ ಮಷೀನಿನ ಗೈಡ್‌ವೇ ಎಲ್ಲಾ ತುಕ್ಕು ಹಿಡಿದ್ರೆ ಇಲ್ಲ, ಅಲೆಗೆ ಕಂಟೈನರ್ ಸಮುದ್ರಕ್ಕೆ ಬಿದ್ದು ಹೋದ್ರೂ ಇಲ್ಲ. ಪೂರ್ತಿ ಕವರ್ ಬೇಕಂದ್ರೆ ಕ್ಲಾಜಸ್ ಎ ಬೇಕು, 2020ರ ನಿಯಮದಲ್ಲಿ ಸಿಐಪಿಗೆ ಮಾತ್ರ ಅದು ಕಡ್ಡಾಯ. ಪಾಲಿಸೀನ ನಿಮ್ಮೂರಲ್ಲೇ ನೀವೇ ಮಾಡಿಸೋದು ನನಗೆ ಸರಿ ಅನ್ಸತ್ತೆ, ಮಷೀನ್ ಬೆಲೆ ಮುಂದೆ ಪ್ರೀಮಿಯಂ ಚಿಕ್ಕ ಮೊತ್ತ, ಕ್ಲೇಮ್ ಬಂದ್ರೆ ಕನ್ನಡದಲ್ಲೋ ಇಂಗ್ಲಿಷಲ್ಲೋ ಇಲ್ಲೇ ಆಫೀಸಿಗೆ ಹೋಗಿ ಮಾತಾಡ್ಬಹುದು. ಪೀಣ್ಯದ ಶೆಡ್ ತನಕ ಕವರ್ ಇರ್ಲಿ, ರಿಸ್ಕ್ ನಿಮ್ಮ ತಲೆಗೆ ಬರೋ ಮುಂಚೆಯೇ ಪಾಲಿಸಿ ಕೈಯಲ್ಲಿರ್ಲಿ.

ನನ್ನ ಮಾಲಿಗೆ ಏನೂ ಆಗಲ್ಲ ಬಿಡಿ ಅನ್ನೋರು ಎವರ್ ಗಿವನ್ ಹಡಗನ್ನ ನೆನಪು ಮಾಡ್ಕೊಳ್ಳಿ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೇಲಿ ಅಡ್ಡ ಸಿಕ್ಕಾಕ್ಕೊಂಡು ಆರು ದಿನ ನಿಂತಿತ್ತಲ್ಲ, ಬಿಡಿಸಿದ್ಮೇಲೆ ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಣೆ ಮಾಡಿದ್ರು. ಅಂದ್ರೆ ಹಡಗನ್ನೂ ಮಾಲನ್ನೂ ಉಳಿಸೋಕೆ ಆದ ಖರ್ಚನ್ನ ಹಡಗಿನ ಮಾಲೀಕರ ಜೊತೆ ಅದರಲ್ಲಿ ಮಾಲು ಇದ್ದೋರೆಲ್ಲಾ ಹಂಚ್ಕೋಬೇಕು, ಮಾಲು ಒಂಚೂರೂ ಕೆಡದೇ ಇದ್ರೂ ಗ್ಯಾರಂಟಿ ಕೊಟ್ಟೇ ಬಿಡಿಸ್ಕೋಬೇಕು. ಇನ್ಶೂರೆನ್ಸ್ ಇದ್ದೋರ ಪರವಾಗಿ ಕಂಪನಿ ಗ್ಯಾರಂಟಿ ಕೊಡತ್ತೆ, ಇಲ್ಲದೋರು ಕೈಯಿಂದ ಡೆಪಾಸಿಟ್ ಇಡ್ಬೇಕು.

ಸಿಐಎಫ್‌ನ ಇನ್ನೊಂದು ತೊಂದ್ರೆ ಎಲ್‌ಸಿಎಲ್‌ನಲ್ಲೇ ಜಾಸ್ತಿ, ಸಣ್ಣ ಇಂಪೋರ್ಟರ್‌ಗೆ ಅತಿ ಹೆಚ್ಚು ಹೊಡೆತ ಬೀಳೋದೂ ಇದರಿಂದಲೇ. ಎಫ್‌ಓಬಿ 4,000, ಸಿಐಎಫ್ ಚೆನ್ನೈ 4,050 ಅಂತ ಕೊಟೇಶನ್ ಬರತ್ತೆ. ಐವತ್ತು ಡಾಲರ್‌ಗೆ ಮಷೀನ್ ಸಮುದ್ರ ದಾಟಿ ಬರತ್ತಲ್ಲ ಅಂತ ಖುಷಿಯಾಗಿ ಒಪ್ಕೋತೀವಿ. ಚೀನಾ ಕಡೆಯ ಫಾರ್ವರ್ಡರ್ ಲೋಡ್ ಸಿಗ್ಲಿ ಅಂತ ಬಾಡಿಗೆನ ತುಂಬಾ ಇಳಿಸ್ತಾನೆ, ಕೆಲವು ಸಲ ಸೊನ್ನೆಗೂ ಇಳಿಸಿ ಮೇಲೆ ರಿಬೇಟ್ ಬೇರೆ ಕೊಡ್ತಾನೆ. ಆ ದುಡ್ಡನ್ನ ಚೆನ್ನೈನಲ್ಲಿರೋ ಅವನ ಏಜೆಂಟ್ ನಿಮ್ಮ ಹತ್ರ ವಸೂಲಿ ಮಾಡ್ತಾನೆ. ಡಿಓ ಚಾರ್ಜ್, ಟಿಎಚ್‌ಸಿ (ಬಂದರಲ್ಲಿ ಎತ್ತಿಳಿಸೋ ಖರ್ಚು), ಸಿಎಫ್‌ಎಸ್ (ಕಂಟೈನರ್ ಬಿಚ್ಚೋ ಗೋಡೌನ್) ಚಾರ್ಜ್, ಡೀಸ್ಟಫಿಂಗ್ (ಕಂಟೈನರ್‌ನಿಂದ ಮಾಲು ಇಳಿಸೋದು), ಡಾಕ್ಯುಮೆಂಟೇಶನ್, ಕರೆನ್ಸಿ ಅಡ್ಜಸ್ಟ್‌ಮೆಂಟ್ ಅಂತ ಒಂದೊಂದು ಸಾಲು ಸೇರ್ತಾ ಹೋಗತ್ತೆ. ಡಿಓ, ಅಂದ್ರೆ ಡೆಲಿವರಿ ಆರ್ಡರ್ ಅವನೇ ಕೊಡ್ಬೇಕು, ಅದಿಲ್ದೆ ಮಾಲು ಹೊರಗೆ ಬರಲ್ಲ, ಅಷ್ಟರಲ್ಲಿ ಗೋಡೌನ್ ಬಾಡಿಗೆನೂ ಓಡ್ತಿರತ್ತೆ, ಚೌಕಾಸಿಗೆ ಜಾಗಾನೇ ಇರಲ್ಲ. ಎಫ್‌ಓಬಿ ಅಥ್ವಾ ಎಫ್‌ಸಿಎನಲ್ಲಿ ಫಾರ್ವರ್ಡರ್ ನೀವು ಆರಿಸಿದೋನು, ದುಡ್ಡು ಕೊಡೋದೂ ನೀವೇ, ಎರಡೂ ಕಡೆ ಚಾರ್ಜಸ್ ಮೊದಲೇ ಬರೆಸ್ಕೊಂಡಿರ್ತೀರಿ, ಹಾಗಾಗಿ ಹಿಡಿತ ನಿಮ್ಮ ಕೈಲಿರತ್ತೆ. ಸಿಐಎಫ್‌ನೇ ತಗೋಬೇಕಾಗಿ ಬಂದ್ರೆ ಚೆನ್ನೈ ಏಜೆಂಟ್ ಯಾರು, ಡೆಸ್ಟಿನೇಶನ್ ಚಾರ್ಜಸ್ ಕ್ಯುಬಿಕ್ ಮೀಟರ್‌ಗೆ ಎಷ್ಟು ಅಂತ ಅಡ್ವಾನ್ಸ್ ಕಳ್ಸೋ ಮುಂಚೆ ಇಮೇಲ್‌ನಲ್ಲಿ ತರಿಸ್ಕೊಳ್ಳಿ, ಕೊಡಲ್ಲ ಅಂದ್ರೆ ಸಿಐಎಫ್ ಬೇಡ ಅನ್ನಿ.

ಸಿಐಎಫ್ ಬೆಂಗಳೂರು ಅಂತ ಬರ್ದಿರೋ ಪಿಐ ಬಂದ್ರೆ ವಾಪಸ್ ಕಳ್ಸಿ ತಿದ್ದಿಸಿ. ಎಫ್‌ಎಎಸ್ (ಹಡಗಿನ ಪಕ್ಕಕ್ಕೆ ತಂದಿಡೋದು), ಎಫ್‌ಓಬಿ, ಸಿಎಫ್‌ಆರ್, ಸಿಐಎಫ್ ನಾಲ್ಕೂ ಹಡಗಿನ ಬಂದರಿಗೆ ಮಾತ್ರ. ವೈಟ್‌ಫೀಲ್ಡ್ ಐಸಿಡಿ, ಅಂದ್ರೆ ಒಳನಾಡಿನ ಕಂಟೈನರ್ ಡಿಪೋ ತನಕ ಬೇಕಂದ್ರೆ ಸಿಪಿಟಿ ಅಥ್ವಾ ಸಿಐಪಿ. ಏರ್ ಕಾರ್ಗೋಲಿ ದೇವನಹಳ್ಳಿಗೆ ತರಿಸಿದ್ರೂ ಇವೇ, ಇಲ್ಲಾ ಎಫ್‌ಸಿಎ.

ಡಿ ಗುಂಪಲ್ಲಿ ಡಿಎಪಿ, ಡಿಪಿಯು, ಡಿಡಿಪಿ ಇವೆ. ಡಿಎಪಿಯಲ್ಲಿ ಹೇಳಿದ ಜಾಗದ ತನಕ ಖರ್ಚೂ ರಿಸ್ಕೂ ಎರಡೂ ಅವನದ್ದು, ಡ್ಯೂಟಿ ಮತ್ತೆ ಕ್ಲಿಯರೆನ್ಸ್ ಮಾತ್ರ ನಿಮ್ಮದು. ಡಿಪಿಯುನಲ್ಲಿ ಇಳಿಸಿಯೂ ಕೊಡ್ತಾನೆ. ಡಿಡಿಪಿ ಅಂದ್ರೆ ಡ್ಯೂಟಿನೂ ಅವನೇ ಕಟ್ಟಿ ಬಾಗಿಲಿಗೆ ತಂದ್ಕೊಡೋದು, ಕೇಳೋಕೆ ತುಂಬಾ ಚೆನ್ನಾಗಿದೆ, ಆದ್ರೆ ಒಂದು ಪ್ರಶ್ನೆ ಕೇಳಲೇಬೇಕು: ಬಿಲ್ ಆಫ್ ಎಂಟ್ರಿ, ಅಂದ್ರೆ ನಮ್ಮ ಕಸ್ಟಮ್ಸ್‌ಗೆ ಹಾಕೋ ಇಂಪೋರ್ಟ್ ಪೇಪರ್, ಯಾರ ಐಇಸಿ (ಇಂಪೋರ್ಟ್ ಎಕ್ಸ್‌ಪೋರ್ಟ್ ಕೋಡ್) ಮೇಲೆ ಆಗತ್ತೆ? ಚೀನಾ ಫ್ಯಾಕ್ಟರಿಗೆ ಇಲ್ಲಿ ಐಇಸಿ ಇರಲ್ಲ, ಜಿಎಸ್‌ಟಿ ನಂಬರ್ ಇರಲ್ಲ, ಹಾಗಾಗಿ ಯಾರೋ ಮೂರನೆಯವರ ಹೆಸರಲ್ಲಿ ಮಾಲು ಒಳಗೆ ಬರತ್ತೆ. ಆಗ ಐಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ನಿಮಗೆ ಸಿಗಲ್ಲ. ನೀವು ಬ್ಯಾಂಕಿಂದ ಕಳ್ಸಿದ ಡಾಲರ್‌ಗೆ ಲೆಕ್ಕ ಕೊಡೋಕೂ ಬಿಲ್ ಆಫ್ ಎಂಟ್ರಿ ಇರಲ್ಲ, ಇಂಪೋರ್ಟ್‌ಗೆ ಕಳ್ಸಿದ ದುಡ್ಡಿನ ಲೆಕ್ಕ ಇಡೋ ರಿಸರ್ವ್ ಬ್ಯಾಂಕಿನ ಐಡಿಪಿಎಂಎಸ್ ಸಿಸ್ಟಮ್‌ನಲ್ಲಿ ನಿಮ್ಮ ಎಂಟ್ರಿ ಹಾಗೇ ತೆರೆದಿರತ್ತೆ, ಮುಂದಿನ ಸಲ ದುಡ್ಡು ಕಳ್ಸೋಕೆ ಹೋದಾಗ ಬ್ಯಾಂಕ್‌ನವರು ಹಳೇದನ್ನ ಮೊದಲು ಮುಗಿಸಿ ಅಂತಾರೆ. ಜಿಎಸ್‌ಟಿ ಇಟ್ಕೊಂಡು ವ್ಯಾಪಾರ ಮಾಡೋರಿಗೆ ಡಿಡಿಪಿ ಬೇಡವೇ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ.

ಟರ್ಮ್ ಯಾವುದೇ ಇರ್ಲಿ, ನಮ್ಮ ಕಸ್ಟಮ್ಸ್ ಡ್ಯೂಟಿ ಹಾಕೋದು ಸಿಐಎಫ್ ಲೆಕ್ಕದ ಮೇಲೇ. ಎಫ್‌ಓಬಿಯಲ್ಲಿ ತಂದ್ರೆ ಬಾಡಿಗೆ, ಇನ್ಶೂರೆನ್ಸ್ ಎರಡಕ್ಕೂ ಬಿಲ್ ತೋರಿಸ್ಬೇಕು. ತೋರಿಸದೇ ಇದ್ರೆ 2007ರ ವ್ಯಾಲ್ಯುಯೇಶನ್ ರೂಲ್ಸ್ ಪ್ರಕಾರ ಬಾಡಿಗೆಗೆ ಎಫ್‌ಓಬಿಯ 20 ಪರ್ಸೆಂಟ್, ಇನ್ಶೂರೆನ್ಸ್‌ಗೆ 1.125 ಪರ್ಸೆಂಟ್ ಸೇರಿಸ್ತಾರೆ. ಡಾಲರ್‌ಗೆ 85 ರೂಪಾಯಿ ಅಂತ ಇಟ್ಕೊಂಡ್ರೆ ಮಷೀನ್ 3,40,000. ನಿಜವಾದ ಬಾಡಿಗೆ 25,500, ಇನ್ಶೂರೆನ್ಸ್ 1,500 ಅಂತ ಬಿಲ್ ಇದ್ರೆ ಒಟ್ಟು 3,67,000. ಬಿಲ್ ಇಲ್ಲಾಂದ್ರೆ 68,000 ಮತ್ತೆ 3,825 ಸೇರಿ 4,11,825. ಮೂಲ ಡ್ಯೂಟಿ 7.5 ಪರ್ಸೆಂಟ್ ಅಂತ ಅನ್ಕೊಂಡ್ರೆ ಮೊದಲನೇದಕ್ಕೆ 27,525, ಅದರ ಮೇಲೆ ಹತ್ತು ಪರ್ಸೆಂಟ್ ಸೋಶಿಯಲ್ ವೆಲ್‌ಫೇರ್ ಸರ್‌ಚಾರ್ಜ್ 2,752. ಇಷ್ಟೂ ಸೇರಿದ ಮೊತ್ತಕ್ಕೆ 18 ಪರ್ಸೆಂಟ್ ಐಜಿಎಸ್‌ಟಿ, ಸುಮಾರು 71,510. ಐಜಿಎಸ್‌ಟಿ ಕ್ರೆಡಿಟ್‌ನಲ್ಲಿ ವಾಪಸ್ ಬರತ್ತೆ, ಮೊದಲ ಎರಡು ಬರಲ್ಲ. ಬಿಲ್ ಇಲ್ದೇ ಹೋದ್ರೆ ಆ ವಾಪಸ್ ಬರದ ಭಾಗವೇ ಸುಮಾರು 3,700 ರೂಪಾಯಿ ಜಾಸ್ತಿಯಾಗತ್ತೆ. ನಿಮ್ಮ ಮಷೀನ್‌ಗೆ ಡ್ಯೂಟಿ ಎಷ್ಟು, ಯಾವುದಾದ್ರೂ ಪರ್ಮಿಷನ್ ಬೇಕಾ ಅನ್ನೋದು ಎಚ್‌ಎಸ್ ಕೋಡ್, ಅಂದ್ರೆ ಮಾಲಿನ ವರ್ಗ ಹೇಳೋ ನಂಬರ್ ಮೇಲೆ ಹೋಗತ್ತೆ, ಸಿಎಚ್‌ಎ, ಅಂದ್ರೆ ಕಸ್ಟಮ್ಸ್ ಕ್ಲಿಯರೆನ್ಸ್ ಮಾಡಿಸೋ ಏಜೆಂಟ್ ಹತ್ರ ಆರ್ಡರ್‌ಗಿಂತ ಮುಂಚೆ ಕೇಳಿ.

ಕೊಟೇಶನ್‌ಗಳನ್ನ ಹೋಲಿಸೋದಾದ್ರೆ ಪೀಣ್ಯದ ಶೆಡ್‌ಗೆ ಮಷೀನ್ ಬಂದು ಇಳಿಯೋ ತನಕದ ಪೂರ್ತಿ ಮೊತ್ತ ಬರ್ಕೊಂಡು ಹೋಲಿಸಿ. ಜಿನಾನ್ ಫ್ಯಾಕ್ಟರಿ ವಿಳಾಸ, ಪೆಟ್ಟಿಗೆಯ ಅಳತೆ, ತೂಕ ಇಷ್ಟನ್ನ ಇಬ್ಬರು ಮೂವರು ಫಾರ್ವರ್ಡರ್‌ಗೆ ಕೊಟ್ಟು ಚೀನಾ ಖರ್ಚು, ಬಾಡಿಗೆ, ಚೆನ್ನೈ ಖರ್ಚು ಬೇರೆ ಬೇರೆ ಸಾಲಲ್ಲಿ ಕೇಳಿ. ಎಲ್‌ಸಿಎಲ್‌ನಲ್ಲಿ ಒಂದು ಕ್ಯುಬಿಕ್ ಮೀಟರ್ ಅಥ್ವಾ ಒಂದು ಟನ್, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು, ಅದಕ್ಕೇ ಪೆಟ್ಟಿಗೆ ಅಳತೆ ಸರಿಯಾಗಿರ್ಬೇಕು.

ಪರ್ಚೇಸ್ ಆರ್ಡರ್‌ನಲ್ಲಿ ಎಫ್‌ಸಿಎ ಆದ್ರೆ ಗೋಡೌನ್ ವಿಳಾಸ ಸಮೇತ, ಎಫ್‌ಓಬಿ ಆದ್ರೆ ಎಫ್‌ಓಬಿ ಚಿಂಗ್ಡಾವ್, ಇನ್‌ಕೋಟರ್ಮ್ಸ್ 2020 ಅಂತ ಪೂರ್ತಿ ಬರೀರಿ. ಮಾಲಿನ ಒಡೆತನ ಯಾವಾಗ ನಿಮ್ಮದಾಗತ್ತೆ, ಪೇಮೆಂಟ್ ಹೇಗೆ, ವಾರಂಟಿ ಎಷ್ಟು, ಇದ್ಯಾವುದನ್ನೂ ಇನ್‌ಕೋಟರ್ಮ್ಸ್ ಹೇಳಲ್ಲ, ಅವನ್ನ ಬೇರೆಯಾಗೇ ಬರೀಬೇಕು. ಮರದ ಪೆಟ್ಟಿಗೆ ಮೇಲೆ ಐಎಸ್‌ಪಿಎಂ 15 (ಮರಕ್ಕೆ ಹುಳ ಸಾಯೋ ಹಾಗೆ ಟ್ರೀಟ್‌ಮೆಂಟ್ ಆಗಿದೆ ಅನ್ನೋ) ಮುದ್ರೆ ಇರ್ಬೇಕು ಅಂತಾನೂ ಸೇರಿಸಿ, ಅದಿಲ್ಲಾಂದ್ರೆ ಇಲ್ಲಿ ಪ್ಲಾಂಟ್ ಕ್ವಾರಂಟೈನ್‌ನವರು ತಡೀತಾರೆ, ಮುದ್ರೆಯ ಫೋಟೋನ ಹಡಗಿಗೆ ಹೋಗೋ ಮುಂಚೆ ವೀಚಾಟ್‌ನಲ್ಲಿ ತರಿಸ್ಕೊಳ್ಳಿ. ಹಡಗು ಹೊರಟ ಕೂಡ್ಲೇ ಬಿಲ್ ಆಫ್ ಲೇಡಿಂಗ್ (ಮಾಲು ಸಾಗಿಸೋಕೆ ತಗೊಂಡಿದ್ದಕ್ಕೆ ಕೊಡೋ ರಸೀದಿ), ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಕಾಪಿ ಸಿಎಚ್‌ಎ ಕೈಗೆ ಹೋಗ್ಬೇಕು, ಯಾಕಂದ್ರೆ ಬಿಲ್ ಆಫ್ ಎಂಟ್ರಿನ ಸಾಮಾನ್ಯವಾಗಿ ಹಡಗು ಬರೋ ಹಿಂದಿನ ದಿನದೊಳಗೆ ಹಾಕ್ಬೇಕು, ತಡ ಆದ್ರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000.